ಎಂಜಿನಿಯರಿಂಗ್ ಸೀಟಿಗೆ ಸಿಇಟಿ ಬೇಕೇ? ಪರ–ವಿರೋಧ

ಪರ

ಬೆಂಗಳೂರಿನ ಕೆ.ಆರ್. ಸರ್ಕಲ್ ದಾಟುವಾಗಲೆಲ್ಲ ಯುವಿಸಿಇ ಕಟ್ಟಡದ ಕಡೆ ಕಣ್ಣು ಹೋಗುತ್ತದೆ. ಸರ್ ಎಂ. ವಿಶ್ವೇಶ್ವರಯ್ಯನವರು 1917ರಲ್ಲಿ ಶುರು ಮಾಡಿದ ಎಂಜಿನಿಯರಿಂಗ್ ಕಾಲೇಜು ಅದು. ಅಲ್ಲಿ ಸೀಟು ಸಿಗುವುದು ಸಿಇಟಿ, ಅಂದರೆ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯ ರ‍್ಯಾಂಕ್ ಮೇಲೆ. ನಿಮ್ಮಪ್ಪ ಏನು ಕೆಲಸ ಮಾಡ್ತಾರೆ, ಯಾರ ಪರಿಚಯ ಇದೆ ಅಂತ ಯಾರೂ ಕೇಳುವುದಿಲ್ಲ. ಹಳ್ಳಿಯಿಂದ ಬಂದ ನನ್ನಂಥವರಿಗೆ ಇದು ಸಣ್ಣ ಮಾತಲ್ಲ.

ಮೊದಲು ಡೊನೇಷನ್ ಕೊಟ್ಟವರದ್ದೇ ಕಾಲ. ಕ್ಯಾಪಿಟೇಷನ್, ಅಂದರೆ ಈ ಡೊನೇಷನ್ ತಡೆಯಲು ರಾಜ್ಯದಲ್ಲಿ 1984ರಲ್ಲೇ ಕಾನೂನು ಬಂತು, ಆದರೂ ಹಾವಳಿ ನಿಲ್ಲಲಿಲ್ಲ. 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣದಲ್ಲಿ ಕ್ಯಾಪಿಟೇಷನ್ ತೆಗೆದುಕೊಳ್ಳುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಮರುವರ್ಷ ಸಿಇಟಿ ಶುರುವಾಯಿತು.

ಪಿಯುಸಿ ಅಂಕ ಸಾಲದೇ ಅಂತ ಕೇಳುವವರಿದ್ದಾರೆ. ಒಂದು ಬೋರ್ಡು ಧಾರಾಳವಾಗಿ ಅಂಕ ಕೊಡುತ್ತದೆ, ಇನ್ನೊಂದು ಬಿಗಿ ಹಿಡಿಯುತ್ತದೆ. ಎಲ್ಲರೂ ಒಂದೇ ಪ್ರಶ್ನೆಪತ್ರಿಕೆ ಬರೆಯುವುದು ಸಿಇಟಿಯಲ್ಲಿ ಮಾತ್ರ. ಹಾಗಂತ ಎರಡು ವರ್ಷದ ಓದು ವ್ಯರ್ಥವೂ ಆಗುವುದಿಲ್ಲ. ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಅರ್ಧ ಪಿಯುಸಿ ಅಂಕ, ಅರ್ಧ ಸಿಇಟಿ. ಗ್ರಾಮೀಣ ಮಕ್ಕಳಿಗೆ 15%, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ 5% ಮೀಸಲಾತಿಯೂ ಇದೆ. ನಾಳೆ ಕ್ಯಾಂಪಸ್‌ಗೆ ಬರುವ ಕಂಪನಿಗಳಲ್ಲೂ ಎಷ್ಟೋ ಕಡೆ ಮೊದಲ ಮೆಟ್ಟಿಲು ಆಪ್ಟಿಟ್ಯೂಡ್ ಟೆಸ್ಟೇ. ಸಿಇಟಿ ಬರೆಯುವುದು ಆ ಕೆಲಸಕ್ಕೂ ತಯಾರಿ.

ವಿರೋಧ

ನಾನು ಪಿಯು ತರಗತಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಸಿಇಟಿಯಿಂದ ಬಡವರ ಮಕ್ಕಳಿಗೆ ಬಾಗಿಲು ತೆರೆಯಿತು ಅನ್ನುವುದು ನಿಜ. ನನ್ನ ಸಂಕಟ ಬೇರೆ.

ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಒಂದು ಪ್ರಶ್ನೆಗೆ ಸಿಗುವುದು 1 ನಿಮಿಷ 20 ಸೆಕೆಂಡ್. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ನಾಲ್ಕು ಆಯ್ಕೆಗಳಲ್ಲಿ ಕಣ್ಣುಮುಚ್ಚಿ ಒಂದನ್ನು ಗುರುತಿಸುತ್ತಾ ಹೋದರೂ ಸರಾಸರಿ 15 ಅಂಕ ಬರುತ್ತದೆ. ಈ ಲೆಕ್ಕ ಮಕ್ಕಳಿಗೆ ಗೊತ್ತು. ‘ಇದು ಯಾಕೆ ಹೀಗೆ?’ ಅಂತ ಕೇಳುತ್ತಿದ್ದ ಹುಡುಗ ಎರಡನೇ ವರ್ಷಕ್ಕೆ ಬರುವ ಹೊತ್ತಿಗೆ ‘ಸರ್, ಶಾರ್ಟ್‌ಕಟ್ ಇದೆಯಾ?’ ಅನ್ನುತ್ತಾನೆ. ಅವನ ತಪ್ಪಲ್ಲ. ಗಡಿಯಾರ ಅವನನ್ನು ಹಾಗೆ ಮಾಡಿದೆ.

ಶಾರ್ಟ್‌ಕಟ್ ಕಲಿಸಲು ಕೋಚಿಂಗ್ ಇದೆ. ಅದಕ್ಕೆ ದುಡ್ಡು ಬೇಕು. ಪ್ರಶ್ನೆಪತ್ರಿಕೆ ಒಂದೇ ಆದರೂ ತಯಾರಿ ಒಂದೇ ಅಲ್ಲ, ಅಲ್ವಾ?

2024ರಲ್ಲಂತೂ ಸಿಲೆಬಸ್‌ನಲ್ಲಿ ಇಲ್ಲದ ಪ್ರಶ್ನೆಗಳು ಬಂದವು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ನಾಲ್ಕೂ ಸೇರಿ 50 ಪ್ರಶ್ನೆ ಕೈಬಿಡಬೇಕಾಯಿತು. ಆ ಪ್ರಶ್ನೆಗಳ ಹಿಂದೆ ಬಿದ್ದು ಸಮಯ ಕಳೆದುಕೊಂಡವರಿಗೆ ಆ ನಿಮಿಷಗಳು ವಾಪಸ್ ಸಿಗಲಿಲ್ಲ.

ಕೆಲಸಕ್ಕೆ ತಯಾರಿ ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಎಂಜಿನಿಯರ್ ಕೆಲಸದಲ್ಲಿ ನಾಲ್ಕು ಉತ್ತರ ಮೊದಲೇ ಬರೆದಿರುವುದಿಲ್ಲ. ಒಂದು ತೊಂದರೆ ಎಲ್ಲಿಂದ ಬಂತು ಅಂತ ದಿನಗಟ್ಟಲೆ ಹುಡುಕಬೇಕು, ಜೊತೆಯವರಿಗೆ ಬಿಡಿಸಿ ಹೇಳಬೇಕು, ಸೋತರೆ ಮತ್ತೆ ಕೂರಬೇಕು. ಸಿಇಟಿ ಪೂರ್ತಿ ಬೇಡ ಅನ್ನುವುದಿಲ್ಲ. ಅದರ ತೂಕ ಇಳಿಸಿ, ಲ್ಯಾಬಿನಲ್ಲಿ ಮಾಡಿ ತೋರಿಸುವುದಕ್ಕೆ, ಲೆಕ್ಕವನ್ನು ಹಂತ ಹಂತವಾಗಿ ಬಿಡಿಸುವುದಕ್ಕೆ ಜಾಗ ಕೊಡಿ. ಇಷ್ಟು ಜನರನ್ನು ಹಾಗೆ ಅಳೆಯುವುದು ಕಷ್ಟ, ಒಪ್ಪುತ್ತೇನೆ. ಆದರೆ ಸುಲಭ ಅನ್ನುವ ಕಾರಣಕ್ಕೆ ಅಳತೆಗೋಲು ಆರಿಸಬಾರದು.

ಹೋದ ಸಲ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಕೋರ್ಸು ಆರಿಸಿ ತುಂಬುವ ಹೊತ್ತಿಗೆ ಒಬ್ಬ ಹುಡುಗಿ ಬಂದಿದ್ದಳು. ಒಳ್ಳೆ ರ‍್ಯಾಂಕ್. ಮೇಲಿಂದ ಕೆಳಗಿನವರೆಗೂ ಕಂಪ್ಯೂಟರ್ ಸೈನ್ಸೇ ತುಂಬಿದ್ದಳು. ‘ನಿನಗೇನು ಇಷ್ಟಮ್ಮ?’ ಅಂದೆ. ತುಂಬಾ ಹೊತ್ತು ಸುಮ್ಮನಿದ್ದಳು. ‘ಗೊತ್ತಿಲ್ಲ ಸರ್, ಯಾರೂ ಕೇಳಿಲ್ಲ’ ಅಂದಳು.