ಪುನಶ್ಚೇತನ ವೈದ್ಯರ ತರಬೇತಿ: ಅಮೆರಿಕದ ಲೆಕ್ಕ, ಕರಾವಳಿಯ ಮನೆ

ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡಲು ಮರ ಹತ್ತಿದವರು ಜಾರಿ ಬಿದ್ದು ಬೆನ್ನುಮೂಳೆ ಮುರಿದುಕೊಳ್ಳುವುದು ದಕ್ಷಿಣ ಕನ್ನಡ, ಉಡುಪಿಯವರಿಗೆ ಹೊಸ ಸುದ್ದಿಯೇನಲ್ಲ. ರಾಡು, ಸ್ಕ್ರೂ ಹಾಕಿ ಮೂಳೆ ಕೂಡಿಸುವ ಕೈಗಳಿಗೆ ಮಂಗಳೂರು, ಮಣಿಪಾಲದಲ್ಲಿ ಕೊರತೆ ಇಲ್ಲ. ಹೊಲಿಗೆ ಬಿಚ್ಚಿದ ಮೇಲೆ ಮೂತ್ರ, ಮಲ, ಚರ್ಮ, ಗಾಲಿಕುರ್ಚಿ, ಮನೆ, ದುಡಿಮೆ ಎಲ್ಲವನ್ನೂ ಒಟ್ಟಿಗೆ ನೋಡಬೇಕಾದವರು ಪಿಎಂಆರ್ ವೈದ್ಯರು, ಅಂದರೆ ಫಿಸಿಕಲ್ ಮೆಡಿಸಿನ್ ಅಂಡ್ ರಿಹ್ಯಾಬಿಲಿಟೇಶನ್ ಓದಿದವರು. ಅವರನ್ನು ತಯಾರು ಮಾಡುವ ಕ್ರಮವನ್ನು ಅಮೆರಿಕದಲ್ಲಿದ್ದುಕೊಂಡು ನೋಡುವಾಗ ನನಗೆ ಅನಿಸುವುದಿಷ್ಟು: ವಿದ್ಯಾರ್ಥಿ ಕೈಯಾರೆ ಮಾಡಿದ್ದಕ್ಕೆ ಲೆಕ್ಕ ಇಡುವುದನ್ನು ಅಮೆರಿಕದಿಂದ ತೆಗೆದುಕೊಳ್ಳಬೇಕು, ರೋಗಿಯನ್ನು ಬೇಗ ಮನೆಗೆ ಕಳಿಸಿ ಕೈತೊಳೆದುಕೊಳ್ಳುವುದನ್ನು ತೆಗೆದುಕೊಳ್ಳಬಾರದು.

ವರ್ಷಗಳಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ನಮ್ಮಲ್ಲಿ ನೀಟ್-ಪಿಜಿ ಬರೆದು ಎಂಡಿ ಸೇರಿದರೆ 3 ವರ್ಷ, ಜೊತೆಗೊಂದು ಥೀಸಿಸ್. ಅಮೆರಿಕದಲ್ಲಿ 4 ವರ್ಷ. ಮೊದಲ ವರ್ಷ ಮೆಡಿಸಿನ್, ಸರ್ಜರಿ ಮುಂತಾದ ವಾರ್ಡುಗಳಲ್ಲೇ ಕಳೆಯುವುದರಿಂದ ಪಿಎಂಆರ್‌ಗೆ ಸಿಗುವುದು ಅಲ್ಲೂ ಮೂರೇ. ಆ ಮೂರರಲ್ಲಿ ಕನಿಷ್ಠ 12 ತಿಂಗಳು ಒಳರೋಗಿಗಳ ಜೊತೆ, ಕನಿಷ್ಠ 12 ತಿಂಗಳು ಹೊರರೋಗಿಗಳ ಜೊತೆ ಎಂಬ ನಿಯಮವಿದೆ. ನರ ಮತ್ತು ಸ್ನಾಯುಗಳ ವಿದ್ಯುತ್ ಪರೀಕ್ಷೆ, ಅಂದರೆ ಇಎಂಜಿ, 200 ರೋಗಿಗಳದ್ದಾಗಬೇಕು.

ಈ 200 ಎಂಬ ಸಂಖ್ಯೆಯ ಬೆಲೆ ಮಾಡಿದವರಿಗೇ ಗೊತ್ತು. ಕೈ ತಣ್ಣಗಿದ್ದರೆ ನರದಲ್ಲಿ ಸಂಕೇತ ಹರಿಯುವ ವೇಗ ಒಂದು ಡಿಗ್ರಿಗೆ ಸೆಕೆಂಡಿಗೆ ಸುಮಾರು 2 ಮೀಟರ್‌ನಷ್ಟು ಇಳಿಯುತ್ತದೆ. ಮಂಗಳೂರಿನ ಸೆಕೆಯಲ್ಲಿ ಇದೇನು ಮಹಾ ಎನ್ನಬೇಡಿ. ಎಸಿ ಕೋಣೆಯಲ್ಲಿ ಅರ್ಧ ಗಂಟೆ ಕೂತ ಹೆಂಗಸಿನ ಬೆರಳು ತಣ್ಣಗಾಗಿಯೇ ಇರುತ್ತದೆ. ಚರ್ಮದ ಉಷ್ಣತೆ 32 ಡಿಗ್ರಿಗೆ ಬಂದಿದೆಯೇ ಎಂದು ನೋಡದೆ ಪರೀಕ್ಷಿಸಿದರೆ ಸರಿಯಿರುವ ಮಣಿಕಟ್ಟಿಗೂ ಕಾರ್ಪಲ್ ಟನಲ್ (ಮಣಿಕಟ್ಟಿನಲ್ಲಿ ನರ ಒತ್ತಿಹೋಗುವ ತೊಂದರೆ) ಎಂಬ ಹಣೆಪಟ್ಟಿ ಬೀಳಬಹುದು. ಪುಸ್ತಕದಲ್ಲಿ ಇದು ಒಂದು ಸಾಲು. ಹತ್ತಾರು ಕೈಗಳನ್ನು ಬಿಸಿನೀರಿನಲ್ಲಿಟ್ಟು ಮತ್ತೆ ಅಳೆದವರಿಗೆ ಅದು ಮರೆಯುವುದಿಲ್ಲ. ನಮ್ಮಲ್ಲೂ ಲಾಗ್‌ಬುಕ್ ಇದೆ, ಆದರೆ ಎಷ್ಟೋ ಕಡೆ ಅದು ಪರೀಕ್ಷೆ ಹತ್ತಿರ ಬಂದಾಗ ತುಂಬಿಸುವ ಪುಸ್ತಕವಾಗಿದೆ. ಮಾಡಿದ್ದೆಷ್ಟು, ನೋಡಿದ್ದೆಷ್ಟು ಎಂದು ಬೇರೆ ಬೇರೆ ಬರೆಸಿ, ತಿಂಗಳಿಗೊಮ್ಮೆ ಗೈಡ್ ಸಹಿ ಹಾಕಿದರೆ ಸಾಕು, ಖರ್ಚಿಲ್ಲದೆ ಅರ್ಧ ಸುಧಾರಣೆ ಆಗುತ್ತದೆ.

ಇನ್ನು ಅಮೆರಿಕದ ವಾರ್ಡು. ಮೆಡಿಕೇರ್ (ಮುಖ್ಯವಾಗಿ ಹಿರಿಯರಿಗೆ ಅಲ್ಲಿನ ಸರ್ಕಾರ ಕೊಡುವ ಆರೋಗ್ಯ ವಿಮೆ) ನಿಯಮದ ಪ್ರಕಾರ ಪುನಶ್ಚೇತನ ಆಸ್ಪತ್ರೆಯ ರೋಗಿಗೆ ಸಾಮಾನ್ಯವಾಗಿ ದಿನಕ್ಕೆ 3 ಗಂಟೆಯಂತೆ ವಾರಕ್ಕೆ 5 ದಿನ ಥೆರಪಿ ಆಗಬೇಕು, ವೈದ್ಯರು ವಾರಕ್ಕೆ ಕನಿಷ್ಠ 3 ಸಲ ಖುದ್ದಾಗಿ ನೋಡಬೇಕು, ವಾರಕ್ಕೊಮ್ಮೆ ಇಡೀ ತಂಡ ಸಭೆ ಸೇರಬೇಕು. ನರ್ಸ್, ಫಿಸಿಯೋ, ಆಕ್ಯುಪೇಶನಲ್ ಥೆರಪಿಸ್ಟ್, ಸ್ಪೀಚ್ ಥೆರಪಿಸ್ಟ್, ಸಮಾಜ ಕಾರ್ಯಕರ್ತರೆಲ್ಲ ಕೂತಲ್ಲಿ ರೆಸಿಡೆಂಟ್, ಅಂದರೆ ತರಬೇತಿಯಲ್ಲಿರುವ ವೈದ್ಯರು, ಮಾತು ನಡೆಸುವುದನ್ನು ಕಲಿಯುತ್ತಾರೆ. ಈ ಸಭೆ ನಮ್ಮಲ್ಲಿ ಇಂದೇ ಶುರುವಾಗಬೇಕು. ಅದೇ ಅಮೆರಿಕದಲ್ಲಿ ಪಾರ್ಶ್ವವಾಯು ರೋಗಿ ಸುಮಾರು ಎರಡು ವಾರಕ್ಕೆಲ್ಲ ಹೊರಟುಬಿಡುತ್ತಾರೆ. ವಿಮೆಯವರ ಒತ್ತಡವೂ ಅದಕ್ಕೆ ಕಾರಣ. ಕಾಲು ಊರಲು ಕಲಿತವರು ಮನೆಯಲ್ಲಿ ಹೇಗಿದ್ದಾರೆಂದು ವಾರ್ಡಿನ ರೆಸಿಡೆಂಟ್‌ಗೆ ತಿಳಿಯುವುದೇ ಅಪರೂಪ.

ಮನೆ ಎಂದರೆ ಏನೆಂದು ಕರಾವಳಿಯಲ್ಲಿ ನೋಡಬೇಕು. ಬೆಳ್ತಂಗಡಿ ಕಡೆಯ ಮುರಕಲ್ಲಿನ ಮನೆಯ ಜಗಲಿ ಅಂಗಳದಿಂದ 60 ಸೆಂಟಿಮೀಟರ್ ಎತ್ತರವಿದೆ ಎಂದುಕೊಳ್ಳಿ. ಒಂದಕ್ಕೆ ಹನ್ನೆರಡರ ಇಳಿಜಾರಿನಲ್ಲಿ ರ‍್ಯಾಂಪ್ ಕಟ್ಟಲು 7.2 ಮೀಟರ್ ಜಾಗ ಬೇಕು. ಜಾಗ ಸಾಲದೆ ಗಿಡ್ಡ ಮಾಡಿದರೆ ಕುರ್ಚಿ ಹಿಂದಕ್ಕೆ ಮಗುಚುತ್ತದೆ. ನಡುವೆ 1.5 ಮೀಟರ್ ಚೌಕದ ಸಮತಟ್ಟು ಬಿಟ್ಟು ತಿರುಗಿಸಬೇಕು. ನಯವಾಗಿ ಸಾರಿಸಿದರೆ ಜುಲೈ ಹೊತ್ತಿಗೆ ಪಾಚಿ ಕಟ್ಟಿ ಜಾರುತ್ತದೆ. ಸಿಮೆಂಟು ಹಸಿಯಿರುವಾಗಲೇ ಪೊರಕೆಯಿಂದ ಅಡ್ಡಗೆರೆ ಎಳೆಸಬೇಕು. ಬಚ್ಚಲಿನ ಬಾಗಿಲು 60 ಸೆಂಟಿಮೀಟರ್ ಇದ್ದರೆ ಕುರ್ಚಿ ಹೊಸ್ತಿಲಲ್ಲೇ ನಿಲ್ಲುತ್ತದೆ, 80 ಆದರೂ ಬೇಕು.

ಮೂತ್ರದ ವಿಷಯ ಇನ್ನೂ ಸೂಕ್ಷ್ಮ. ಬೆನ್ನುಹುರಿಗೆ ಪೆಟ್ಟಾದವರು ದಿನಕ್ಕೆ 4ರಿಂದ 6 ಸಲ ತಾವೇ ಕೆಥೀಟರ್ (ಮೂತ್ರ ತೆಗೆಯುವ ಕೊಳವೆ) ಹಾಕಿ ಖಾಲಿ ಮಾಡಬೇಕು, ಒಂದು ಸಲಕ್ಕೆ 500 ಎಂಎಲ್ ಮೀರಬಾರದು. ಅಮೆರಿಕದಲ್ಲಿ ಮೆಡಿಕೇರ್ ತಿಂಗಳಿಗೆ 200 ಕೆಥೀಟರ್‌ವರೆಗೆ ಕೊಡುತ್ತದೆ, ಒಮ್ಮೆ ಬಳಸಿ ಬಿಸಾಡುತ್ತಾರೆ. ನಮ್ಮಲ್ಲಿ ಒಂದನ್ನೇ ಸೋಪಿನಲ್ಲಿ ತೊಳೆದು, ಒಣಗಿಸಿ, ಮತ್ತೆ ಬಳಸುವವರೇ ಹೆಚ್ಚು. ಆಷಾಢದ ಮಳೆಯಲ್ಲಿ ಬಟ್ಟೆಯೇ ಒಣಗದು, ಕೊಳವೆಯ ಒಳಗಿನ ನೀರು ಒಣಗೀತೇ? ತೊಳೆದ ಮೇಲೆ ಕೊಡವಿ, ತುದಿ ಕೆಳಗೆ ಮಾಡಿ ತೂಗುಹಾಕಿಸಿ, ಎರಡು ಮೂರನ್ನು ಸರದಿಯಲ್ಲಿ ಬಳಸಲು ಹೇಳಿಕೊಡಬೇಕು. ಪದೇಪದೇ ಹಾಕುವ ಕಿರಿಕಿರಿಗೆ ನೀರು ಕುಡಿಯುವುದನ್ನೇ ಬಿಟ್ಟವರಿಗೆ ಸೋಂಕು, ಕಲ್ಲು ಎರಡೂ ಬರುತ್ತವೆ. ಇದನ್ನೆಲ್ಲ ಅಮೆರಿಕದ ಪಠ್ಯ ಕಲಿಸುವುದಿಲ್ಲ, ನಾವೇ ಕಲಿಸಬೇಕು.

ಭಾಷೆಯಲ್ಲೂ ಹಾಗೆಯೇ. ಪಾರ್ಶ್ವವಾಯುವಿನಿಂದ ಮಾತು ಕೆಟ್ಟವರನ್ನು ಅಮೆರಿಕದಲ್ಲಿ ತರಬೇತಾದ ದುಭಾಷಿ ಇಟ್ಟುಕೊಂಡು ಪರೀಕ್ಷಿಸುತ್ತಾರೆ. ಮಂಗಳೂರಿನಲ್ಲಿ ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಆಡುವವರನ್ನು ಕನ್ನಡದಲ್ಲಿ ಕೇಳಿ, ಪಕ್ಕದಲ್ಲಿರುವ ಮಗಳ ಬಾಯಿಂದ ಉತ್ತರ ಬರೆದುಕೊಂಡರೆ ರೋಗ ಇರುವುದಕ್ಕಿಂತ ಹೆಚ್ಚಾಗಿಯೋ ಕಡಿಮೆಯಾಗಿಯೋ ಕಾಣುತ್ತದೆ. ಮಗಳು ಪ್ರೀತಿಯಿಂದ ತಿದ್ದಿಯೇ ಹೇಳುತ್ತಾಳೆ.

ಹೊರಗಿನದನ್ನು ಕಲಿತು ಇಲ್ಲಿಗೆ ಒಗ್ಗಿಸಿದವರು ನಮ್ಮಲ್ಲೇ ಇದ್ದರು. ಕಾರು ಅಪಘಾತದಲ್ಲಿ ಕಾಲುಗಳ ಬಲ ಕಳೆದುಕೊಂಡ ಡಾ. ಮೇರಿ ವರ್ಗೀಸ್ ನ್ಯೂಯಾರ್ಕಿನಲ್ಲಿ ಈ ವಿದ್ಯೆ ಕಲಿತು ಬಂದು, ಗಾಲಿಕುರ್ಚಿಯಲ್ಲೇ ಕೂತು ವೆಲ್ಲೂರಿನಲ್ಲಿ ವಿಭಾಗ ಕಟ್ಟಿದರು. 1966ರಲ್ಲಿ ಅಲ್ಲಿ ಪುನರ್ವಸತಿ ಸಂಸ್ಥೆಯೇ ಎದ್ದಿತು. ಅಂಥ ನಾಡಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮಾವಳಿ ವೈದ್ಯಕೀಯ ಕಾಲೇಜುಗಳ ಕಡ್ಡಾಯ ವಿಭಾಗಗಳ ಪಟ್ಟಿಯಿಂದ ಪಿಎಂಆರ್ ಅನ್ನು ಕೈಬಿಟ್ಟದ್ದು ನೋವಿನ ಸಂಗತಿ. ಎಂಬಿಬಿಎಸ್‌ನಲ್ಲಿ ಕಣ್ಣಿಗೇ ಬೀಳದ ವಿಭಾಗವನ್ನು ಎಂಡಿಗೆ ಯಾರು ಆರಿಸಿಕೊಳ್ಳುತ್ತಾರೆ?

ಈಗ ಎಲ್ಲ ಎಂಡಿ ವಿದ್ಯಾರ್ಥಿಗಳಿಗೂ 3 ತಿಂಗಳ ಜಿಲ್ಲಾ ರೆಸಿಡೆನ್ಸಿ ಕಡ್ಡಾಯ. ಮಂಗಳೂರಿನ ವೆನ್ಲಾಕ್‌ಗೋ ಉಡುಪಿಯ ಅಜ್ಜರಕಾಡಿನ ಜಿಲ್ಲಾಸ್ಪತ್ರೆಗೋ ಬರುವ ಪಿಎಂಆರ್ ವಿದ್ಯಾರ್ಥಿಯನ್ನು ಒಪಿಡಿ ಚೀಟಿ ಬರೆಯಲು ಕೂರಿಸಬೇಡಿ. ನಾಲ್ಕು ಜನ ಬೆನ್ನುಹುರಿ ರೋಗಿಗಳನ್ನು ಅವರ ಹೆಸರಿಗೆ ಹಚ್ಚಿ. ಡಿಸ್ಚಾರ್ಜ್‌ಗೆ ಮೊದಲೊಮ್ಮೆ, ತಿಂಗಳು ಕಳೆದು ಇನ್ನೊಮ್ಮೆ ಮನೆಗೆ ಹೋಗಿ ಬಾಗಿಲು ಅಳೆಯಲಿ, ಮೂತ್ರದ ಪಟ್ಟಿ ನೋಡಲಿ, ತ್ರಿಕಾಸ್ಥಿ (ಬೆನ್ನುಮೂಳೆಯ ಬುಡದ ಎಲುಬು), ಕುಂಡಿಯ ಎಲುಬು, ಹಿಮ್ಮಡಿಗಳ ಮೇಲೆ ಒತ್ತುಹುಣ್ಣಿನ ಕೆಂಪು ಇದೆಯೇ ಎಂದು ಬೆರಳಿಟ್ಟು ನೋಡಲಿ. ಅಂತಿಮ ಪ್ರಾಕ್ಟಿಕಲ್‌ನಲ್ಲಿ ಪರೀಕ್ಷಕರು ಥೀಸಿಸ್ ಜೊತೆಗೆ ಆ ನಾಲ್ಕು ಮನೆಗಳ ನೋಟ್‌ಬುಕ್ಕನ್ನೂ ಕೇಳಲಿ, ಅದಕ್ಕೂ ಅಂಕ ಇಡಲಿ.