ರೂಸೋ ಪಾಠದಲ್ಲಿ ತೆರೆಸ್ ಎಲ್ಲಿ?

ನಿನ್ನೆ ಶಿಕ್ಷಕರ ತರಬೇತಿಯಲ್ಲಿ ಮತ್ತೆ ರೂಸೋ, ಅದೇ ಹದಿನೆಂಟನೇ ಶತಮಾನದ ಚಿಂತಕ. ಸಂಪನ್ಮೂಲ ವ್ಯಕ್ತಿಗಳು ಮಕ್ಕಳ ಶಿಕ್ಷಣದ ಬಗ್ಗೆ ಅವನು ಬರೆದ 'ಎಮಿಲ್' ಪುಸ್ತಕವನ್ನು ಹೊಗಳಿದ್ದೇ ಹೊಗಳಿದ್ದು. ಮಗುವನ್ನು ಮಗುವಾಗಿ ನೋಡಿ, ನಿಸರ್ಗದ ಮಡಿಲಿಗೆ ಬಿಡಿ, ಇತ್ಯಾದಿ. ಹಿಂದಿನ ಸಾಲಿನ ಮೇಷ್ಟ್ರೊಬ್ಬರು ಮೆಲ್ಲಗೆ, "ಸಾರ್, ಅವರು ತಮ್ಮ ಮಕ್ಕಳನ್ನೇ ಅನಾಥಾಲಯಕ್ಕೆ ಬಿಟ್ಟಿದ್ರಂತಲ್ಲ?" ಅಂದರು. "ಮಹಾನ್ ವ್ಯಕ್ತಿಗಳಿಗೂ ದೌರ್ಬಲ್ಯ ಇರುತ್ತೆ ಬಿಡಿ" ಅಂತ ಸಂಪನ್ಮೂಲ ವ್ಯಕ್ತಿಗಳು ನಕ್ಕರು. ಮುಂದಿನ ಸ್ಲೈಡು.

ದೌರ್ಬಲ್ಯವಂತೆ! ಬೀಡಿ ಸೇದೋದು ದೌರ್ಬಲ್ಯ. ಐದು ಹಸುಗೂಸುಗಳನ್ನು ಒಂದಾದ ಮೇಲೊಂದು ತಾಯಿಯಿಂದ ಕಿತ್ತು ಕಳಿಸೋದೂ ದೌರ್ಬಲ್ಯವಾ?

ಆ ತಾಯಿಯ ಹೆಸರನ್ನಾದರೂ ಹೇಳಬಹುದಿತ್ತು. ತೆರೆಸ್ ಲೆವಾಸರ್. 1745ರಲ್ಲಿ ರೂಸೋ ಪ್ಯಾರಿಸ್ಸಿನಲ್ಲಿ ಉಳಿದುಕೊಂಡಿದ್ದ ವಸತಿಗೃಹದಲ್ಲಿ ಬಟ್ಟೆಬರೆ ನೋಡಿಕೊಳ್ಳುವ ಕೆಲಸಕ್ಕಿದ್ದವಳು. 1778ರಲ್ಲಿ ಅವನು ಸಾಯುವ ತನಕ ಜೊತೆಗಿದ್ದು ಬೇಯಿಸಿ ಹಾಕಿದಳು, ಕಾಯಿಲೆಯಲ್ಲಿ ಆರೈಕೆ ಮಾಡಿದಳು. ಮದುವೆ ಅಂತ ಒಂದು ಶಾಸ್ತ್ರ ಆಗಿದ್ದು 1768ರಲ್ಲಿ.

ಶತ್ರುಗಳು ಕಟ್ಟಿದ ಕತೆ ಅನ್ನಬೇಡಿ. 1764ರಲ್ಲಿ ಗುಟ್ಟು ರಟ್ಟು ಮಾಡಿದ್ದು ಅವನ ಎದುರಾಳಿ ಲೇಖಕ ವಾಲ್ಟೇರ್, ಅದೂ ಹೆಸರು ಹಾಕದ ಕರಪತ್ರದಲ್ಲಿ, ನಿಜ. ಆದರೆ ತನ್ನ ಆತ್ಮಕತೆ 'ಕನ್ಫೆಷನ್ಸ್'ನಲ್ಲಿ ರೂಸೋನೇ ಎಲ್ಲ ಬರೆದಿದ್ದಾನೆ. ಮೊದಲ ಮಗುವಿನ ಬಟ್ಟೆಯಲ್ಲಿ ಗುರುತಿಗೆ ಅಂತ ಒಂದು ಚೀಟಿ ಇಟ್ಟಿದ್ದ. ಮುಂದಿನ ವರ್ಷ ಅದೇ ತೊಂದರೆ, ಅದೇ ಉಪಾಯ, ಚೀಟಿ ಮಾತ್ರ ಇಲ್ಲ. ತಾಯಿ ಒಪ್ಪಿದಳಾ? ಇಲ್ಲ, ನರಳುತ್ತಾ ಹೇಳಿದ ಹಾಗೆ ಕೇಳಿದಳು. ಇದೂ ಅವನದೇ ಮಾತು.

ಅದೇ ಪುಸ್ತಕದಲ್ಲಿ ಅವಳ ಗೇಲಿ ಬೇರೆ. ಒಂದು ತಿಂಗಳಿಗೂ ಹೆಚ್ಚು ಕಲಿಸಿದರೂ ಗಂಟೆ ನೋಡೋಕೆ ಬರಲಿಲ್ಲವಂತೆ. ಹನ್ನೆರಡು ತಿಂಗಳ ಹೆಸರು ಸಾಲಾಗಿ ಹೇಳಲಾರಳಂತೆ. ಅವಳ ತಪ್ಪು ಮಾತುಗಳನ್ನೆಲ್ಲ ಸೇರಿಸಿ ನಿಘಂಟು ಮಾಡಿ ಒಬ್ಬ ಶ್ರೀಮಂತ ಹೆಂಗಸನ್ನು ನಗಿಸಿದ್ದನಂತೆ. ಲೋಕಕ್ಕೆಲ್ಲ ಶಿಕ್ಷಣ ಹೇಳಿದವನ ಮನೆಯಲ್ಲೇ ವಿದ್ಯಾರ್ಥಿ ಫೇಲು, ತಪ್ಪು ಮಾತ್ರ ವಿದ್ಯಾರ್ಥಿಯದು! ನನ್ನ ಮೂರನೇ ಕ್ಲಾಸಿನ ಮಕ್ಕಳ ಅಪ್ಪ ಅಮ್ಮ ನನ್ನನ್ನು ಹೀಗೆ ಸುಮ್ನೆ ಬಿಡ್ತಾರಾ?

ನನಗೆ ಸಿಟ್ಟು ಜಾಸ್ತಿ ಯಾಕೆ ಅಂದರೆ, ಆ ಪುಸ್ತಕ ನನಗಿಷ್ಟ. ಅಷ್ಟು ಚಂದ ಬರೀತಾನಲ್ಲ ಅಂತ ಹೊಟ್ಟೆ ಉರಿದಿದೆ. ತಂದೆಯ ಕರ್ತವ್ಯ ಮಾಡಲಾಗದವನಿಗೆ ತಂದೆಯಾಗುವ ಹಕ್ಕಿಲ್ಲ, ಬಡತನದ ನೆಪವೂ ಬೇಡ ಅಂತ 1762ರ 'ಎಮಿಲ್'ನಲ್ಲಿ ಬರೆದವನೂ ಇವನೇ ಅಲ್ವಾ? ಆ ಸಾಲು ಯಾವ ಸ್ಲೈಡಿನಲ್ಲೂ ಇರಲಿಲ್ಲ.

"ಮೇಡಂ, ಆ ಕಾಲ ಹಾಗಿತ್ತು, ಪ್ಯಾರಿಸ್ಸಿನಲ್ಲಿ ವರ್ಷಕ್ಕೆ ಸಾವಿರಾರು ಮಕ್ಕಳನ್ನು ಬಿಡ್ತಿದ್ರು" ಅಂತ ಕೆಲವರು ಈಗಲೇ ಟೈಪ್ ಮಾಡ್ತಿರಬಹುದು. ಹೌದು, ಬಿಡ್ತಿದ್ರು. ಅಲ್ಲಿಗೆ ಹೋದವುಗಳಲ್ಲಿ ಹೆಚ್ಚಿನವು ಬದುಕುತ್ತಿರಲಿಲ್ಲ. ಅದೇ ಪ್ಯಾರಿಸ್ಸಿನಲ್ಲಿ 1717ರಲ್ಲಿ ಚರ್ಚಿನ ಮೆಟ್ಟಿಲ ಮೇಲೆ ಬಿಟ್ಟು ಹೋದ ಒಂದು ಕೂಸನ್ನು ಗಾಜು ಕೂರಿಸುವವನ ಹೆಂಡತಿ ಸಾಕಿದಳು. ಅವನೇ ಗಣಿತಜ್ಞ ದಲಂಬೇರ್. ರೂಸೋ ಸಂಗೀತದ ಲೇಖನ ಬರೆದುಕೊಟ್ಟ ವಿಶ್ವಕೋಶಕ್ಕೆ ಇವನೂ ಒಬ್ಬ ಸಂಪಾದಕ. ಹೆಸರು ಮಾಡಿದ ಮೇಲೂ, ಹೆಚ್ಚುಕಡಿಮೆ ಐವತ್ತಾಗುವ ತನಕ, ಆ ಸಾಕುತಾಯಿಯ ಮನೆಯಲ್ಲೇ ಇದ್ದ.

ಅವಳ ಹೆಸರೇನು ಗೊತ್ತಾ? ಮದಾಮ್ ರೂಸೋ. ನಮ್ಮ ರೂಸೋಗೆ ನೆಂಟಳೇನಲ್ಲ. ಬಿ.ಎಡ್. ಸಿಲಬಸ್ಸಿನಲ್ಲಿ ಅವಳೂ ಇಲ್ಲ.