ಚಳಿಯ ತಲೆಗೆ ಕಟ್ಟಬೇಡಿ

ಮೂರು ವರ್ಷ ಬಿಡದೆ ಲ್ಯಾವೆಂಡರ್ ನೆಟ್ಟೆ. ಮೂರು ವರ್ಷವೂ ಹಿಮ ಕರಗಿದ ಮೇಲೆ ಉಳಿದಿದ್ದು ಬೂದು ಬಣ್ಣದ ಕಡ್ಡಿ. ಮೊದಲೆರಡು ಸಲ ಚಳಿಯನ್ನು ಬೈದು ಸುಮ್ಮನಾದೆ. ಮೂರನೇ ಸಲ ಸತ್ತ ಗಿಡ ಕೀಳುವಾಗ ಬುಡದ ಮಣ್ಣು ಕೈಗೆ ಬಂತು. ಜೇಡಿ ಮಣ್ಣು, ಹಿಂಡಿದರೆ ನೀರಿಳಿಯುವಷ್ಟು ಒದ್ದೆ. ಬೇರು ಕೊಳೆತು ಕಪ್ಪಾಗಿತ್ತು. ಚಳಿಗಾಲವಿಡೀ ಕಾಲು ನೆನೆಸಿಕೊಂಡು ನಿಂತಿದ್ದೇ ಅದಕ್ಕೆ ಮುಳುವಾಯಿತು. ತಪ್ಪು ಮಾಡಿದ್ದು ನಾನು, ಬೈಸಿಕೊಂಡಿದ್ದು ಚಳಿ.

ಅವತ್ತಿನಿಂದ, ಪೆರೆನಿಯಲ್ ಗಿಡ (ಒಮ್ಮೆ ನೆಟ್ಟರೆ ವರ್ಷ ವರ್ಷ ಚಿಗುರುವಂಥದ್ದು) ಹೋಯ್ತು ಅಂತ ಯಾರಾದರೂ ಹೇಳಿದರೆ ಚಳಿ ಎಷ್ಟು ಡಿಗ್ರಿ ಇತ್ತು ಅಂತ ನಾನು ವಿಚಾರಿಸುವುದಿಲ್ಲ. ಎಲ್ಲಿ ನೆಟ್ಟಿದ್ದಿರಿ ಅಂತ ಕೇಳುತ್ತೇನೆ.

ನಾವು ನರ್ಸರಿಯಲ್ಲಿ ನೋಡುವುದು ಎರಡೇ: ಹೂವಿನ ಫೋಟೋ, ಚೀಟಿಯ ಮೇಲಿನ ಝೋನ್ ನಂಬರ್. ಆ ನಂಬರ್‌ಗೆ ಮೂಲ ಅಮೆರಿಕದ ಕೃಷಿ ಇಲಾಖೆ 1960ರಲ್ಲಿ ತಂದ ನಕ್ಷೆ. ಅದರಲ್ಲಿ ಈಗ 13 ಝೋನ್‌ಗಳಿವೆ. ಝೋನ್ 4 ಅಂದರೆ ವರ್ಷದ ಅತಿ ಚಳಿಯ ರಾತ್ರಿ ಸರಾಸರಿ ಮೈನಸ್ 34ರಿಂದ ಮೈನಸ್ 29 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವ ಜಾಗ. ಅಷ್ಟೇ. ನಿಮ್ಮಲ್ಲಿ ಹಿಮ ದಪ್ಪಗೆ ಬೀಳುತ್ತದಾ, ನೀರು ನಿಲ್ಲುತ್ತದಾ, ಬಿಸಿಲು ಎಷ್ಟು ಹೊತ್ತು ಅನ್ನೋದು ಅದಕ್ಕೆ ಗೊತ್ತಿಲ್ಲ. ಹಿಮ ಗಿಡಕ್ಕೆ ಕಂಬಳಿ ಇದ್ದ ಹಾಗೆ. ಹಿಮವಿಲ್ಲದ ಬರಿ ನೆಲವೇ ಅಪಾಯ. ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ಮಣ್ಣು ಹ್ಯೂಕೆರದಂಥ ಗಿಡವನ್ನು ಬೇರುಸಮೇತ ಮೇಲಕ್ಕೆ ತಳ್ಳಿಬಿಡುತ್ತದೆ. ಅದಕ್ಕೇ ತರಗೆಲೆ ಹೊದಿಸುವುದು ನೆಲ ಹೆಪ್ಪುಗಟ್ಟಿದ ಮೇಲೆ. ಗಿಡವನ್ನು ಬೆಚ್ಚಗಿಡೋಕಲ್ಲ, ಹೆಪ್ಪುಗಟ್ಟಿದ್ದು ಹಾಗೇ ಇರಲಿ ಅಂತ.

ಬಿಸಿಲನ್ನು ಗಂಟೆಯಲ್ಲಿ ಅಳೆಯಿರಿ. ಆರು ಗಂಟೆಗಿಂತ ಜಾಸ್ತಿ ನೇರ ಬಿಸಿಲು ಬಿದ್ದರೆ ಅದು ಬಿಸಿಲು ಜಾಗ. ಮೂರರಿಂದ ಆರು ಗಂಟೆ ಅರೆನೆರಳು. ಅದಕ್ಕೂ ಕಡಿಮೆ ಇದ್ದರೆ ನೆರಳು. ಅಳೆಯುವುದು ಬೇಸಿಗೆಯಲ್ಲಿ, ಮರ ಪೂರ್ತಿ ಎಲೆ ಬಿಟ್ಟ ಮೇಲೆ. ಏಪ್ರಿಲ್‌ನ ಬೋಳು ಮರದ ಕೆಳಗೆ ನಿಂತು ಎಷ್ಟು ಚೆನ್ನಾಗಿ ಬಿಸಿಲು ಬೀಳುತ್ತೆ ಅಂದುಕೊಂಡು ಬಿಸಿಲು ಬೇಡುವ ಹೂಗಿಡ ಎಕಿನೇಶಿಯ ನೆಟ್ಟವಳು ನಾನೇ. ಜುಲೈನಲ್ಲಿ ಅದು ಬಿಸಿಲು ಹುಡುಕಿಕೊಂಡು ಉದ್ದಕ್ಕೆ ಬೆಳೆದು ಮಕಾಡೆ ಮಲಗಿತು. ಈಗ ಒಂದಿನ ಕೂತು ಎರಡು ಗಂಟೆಗೊಮ್ಮೆ ಫೋನಿನಲ್ಲಿ ಫೋಟೋ ತೆಗೆಯುತ್ತೇನೆ.

ನೆರಳು ಅಂದ ತಕ್ಷಣ ಎಲ್ಲರ ಬಾಯಲ್ಲೂ ಬರೋದು ಅಗಲ ಎಲೆಯ ಗಿಡ ಹೋಸ್ಟಾ. ತಪ್ಪೇನಿಲ್ಲ, ಆದರೆ ಹೋಸ್ಟಾದಲ್ಲೂ ಭೇದವಿದೆ. ನೀಲಿ ಎಲೆಯದನ್ನು ನೆರಳಿನಲ್ಲೇ ಇಡಿ. ಆ ನೀಲಿ ಬರೋದು ಎಲೆಯ ಮೇಲಿನ ಮೇಣದಂಥ ಪದರದಿಂದ, ಬಿಸಿಲಿಗೆ ಅದು ಹೋಗಿಬಿಡುತ್ತದೆ. ಹಳದಿ ಎಲೆಯದಕ್ಕೆ ಬೆಳಗಿನ ಬಿಸಿಲು ಸ್ವಲ್ಪ ಬಿದ್ದರೇನೇ ಬಣ್ಣ. ಬಸವನಹುಳುಗಳಿಗೆ ಮಾತ್ರ ಈ ಭೇದವೆಲ್ಲ ಇಲ್ಲ, ಎರಡನ್ನೂ ತೂತು ಮಾಡುತ್ತವೆ.

ಬ್ಲೀಡಿಂಗ್ ಹಾರ್ಟ್ ಕಥೆ ಬೇರೆ. ವಸಂತದಲ್ಲಿ ಹೃದಯದಾಕಾರದ ಹೂವನ್ನು ಸಾಲಾಗಿ ತೂಗುಬಿಡುತ್ತದೆ. ಬೇಸಿಗೆಯ ನಡುವೆ ಎಲೆ ಹಳದಿಯಾಗಿ ಪೂರ್ತಿ ಮಾಯ. ಸತ್ತಿಲ್ಲ, ನೆಲದೊಳಗೆ ನಿದ್ದೆ ಮಾಡ್ತಿದೆ. ನನಗಿದು ಗೊತ್ತಿಲ್ಲದೆ ಆ ಜಾಗವನ್ನು ಅಗೆದು ಹಾಕಿದ್ದೆ. ಈಗ ಪಕ್ಕದಲ್ಲಿ ಹೋಸ್ಟಾ ಇದೆ. ಹೋಸ್ಟಾ ಏಳೋದು ತಡವಾಗಿ, ಬ್ಲೀಡಿಂಗ್ ಹಾರ್ಟ್ ಮಲಗುವ ಹೊತ್ತಿಗೆ ಅದರ ಎಲೆ ಹರಡಿ ಖಾಲಿ ಜಾಗ ಮುಚ್ಚುತ್ತದೆ. ಇಡೀ ತೋಟದಲ್ಲಿ ನಾನು ಮಾಡಿದ ಒಂದೇ ಬುದ್ಧಿವಂತ ಕೆಲಸ ಇದು.

ನೆರಳಿನಲ್ಲೂ ಒದ್ದೆ ನೆರಳು, ಒಣ ನೆರಳು ಅಂತ ಇದೆ. ಈ ಎರಡನೆಯದನ್ನು ಚೀಟಿಗಳು ಹೇಳೋದೇ ಅಪರೂಪ. ಮೇಪಲ್ ಮರದ ಬೇರು ಮೇಲ್ಮಣ್ಣಿನಲ್ಲೇ ಹಬ್ಬಿರುತ್ತದೆ, ಬಿದ್ದ ಮಳೆಯನ್ನೆಲ್ಲ ಅದೇ ಕುಡಿಯುತ್ತದೆ. ಅಲ್ಲಿ ಅಸ್ಟಿಲ್ಬಿ ನೆಟ್ಟೆ. ನೆರಳು ಕೇಳುವ ಗಿಡ ಅಲ್ವಾ? ನೆರಳು ಸರಿ, ಅದಕ್ಕೆ ತೇವವೂ ಬೇಕು. ಆಗಸ್ಟ್‌ಗೆ ಎಲೆಯೆಲ್ಲ ಸುಟ್ಟ ಕಾಗದ. ಅದನ್ನು ತೇವ ಇರುವ ತಗ್ಗಿಗೆ, ಜರಿಗಿಡಗಳ ಪಕ್ಕಕ್ಕೆ ಕಿತ್ತು ನೆಟ್ಟ ಮೇಲೆ ಚೇತರಿಸಿಕೊಂಡಿತು.

ಬಿಸಿಲು ಜಾಗಕ್ಕೆ ಸೀಡಮ್, ಡೇ ಲಿಲಿ, ಸೈಬೀರಿಯನ್ ಐರಿಸ್ ಸಾಕು, ತಂಟೆಯಿಲ್ಲದವು. ಎಕಿನೇಶಿಯದ ಒಣ ಕಡ್ಡಿಗಳನ್ನು ಶರತ್ಕಾಲದಲ್ಲಿ ಕತ್ತರಿಸಬೇಡಿ. ಬೀಜಕ್ಕೆ ಹಕ್ಕಿ ಬರುತ್ತವೆ, ಬುಡದಲ್ಲಿ ಹಿಮವೂ ನಿಲ್ಲುತ್ತದೆ.

ಪಿಯೋನಿ ಬಗ್ಗೆ ಮಾತ್ರ ನಿಂತು ಹೇಳಬೇಕು. ನನ್ನ ಪಿಯೋನಿ ಐದು ವರ್ಷ ಬರೀ ಎಲೆ ಬಿಟ್ಟಿತು. ಚಳಿಗೆ ಹೆದರಿ ಗೆಡ್ಡೆಯನ್ನು ಆಳಕ್ಕೆ ಹೂತಿದ್ದೆ. ಅದರ ಕೆಂಪು ಕಣ್ಣುಗಳ (ಗೆಡ್ಡೆಯ ಮೊಗ್ಗುಗಳ) ಮೇಲೆ 5 ಸೆಂಟಿಮೀಟರ್‌ಗಿಂತ ಜಾಸ್ತಿ ಮಣ್ಣಿದ್ದರೆ ಹೂ ಬರುವುದು ಕಷ್ಟ. ತಮಾಷೆ ಅಂದರೆ ಅದಕ್ಕೆ ಚಳಿ ಬೇಕೇ ಬೇಕು, ಚಳಿ ಸಾಲದ ಕಡೆ ಸರಿಯಾಗಿ ಹೂ ಬಿಡುವುದಿಲ್ಲ. ಯಾವುದರಿಂದ ಕಾಪಾಡೋಕೆ ಹೊರಟಿದ್ದೆನೋ ಅದೇ ಅದರ ಆಹಾರ. ಮೇಲಕ್ಕೆತ್ತಿ ನೆಟ್ಟ ಎರಡನೇ ವರ್ಷ ಏಳು ಹೂ.

ಲ್ಯಾವೆಂಡರ್ ನಾಲ್ಕನೇ ಸಲ ನೆಟ್ಟಿದ್ದು ಇಳಿಜಾರಿನಲ್ಲಿ, ಜಲ್ಲಿ ಬೆರೆಸಿದ ಮಣ್ಣಿಗೆ. ಎರಡು ಚಳಿಗಾಲ ದಾಟಿದೆ.

ಮೇಪಲ್ ಕೆಳಗಿನ ಒಣ ನೆರಳು ಇನ್ನೂ ಅರ್ಧ ಬೋಳು. ಎಪಿಮೀಡಿಯಮ್ ಹಿಡಿದುಕೊಂಡಿದೆ, ಆದರೆ ಆಮೆ ನಡಿಗೆ. ಅಂಥ ಜಾಗದಲ್ಲಿ ಬೇರೇನಾದರೂ ಬೆಳೆಸಿದವರಿದ್ದರೆ ಕೆಳಗೆ ಬರೆಯಿರಿ. ದಯವಿಟ್ಟು ಹೋಸ್ಟಾ ಅನ್ನಬೇಡಿ.